ಒಂದೇ ಮಣ್ಣಿಗೆ ಎರಡು ವರದಿಯಲ್ಲಿ ಎರಡು ಹೆಸರು: ಯಾವುದು ಸರಿ?

ಪ್ರಶ್ನೆ: ಮೇಡಂ, ಜಮೀನಿನ ಒಂದು ಮೂಲೆಯಲ್ಲಿ ಮನೆ ಕಟ್ಟಬೇಕು, ಉಳಿದದ್ದರಲ್ಲಿ ಬೆಳೆ. ಅಡಿಪಾಯಕ್ಕೆಂದು ಮಾಡಿಸಿದ ವರದಿಯಲ್ಲಿ ಮಣ್ಣು ‘ಸಿಎಚ್’ ಅಂತ ಬಂದಿದೆ. ಮಣ್ಣು ಸಮೀಕ್ಷೆಯ ನಕ್ಷೆಯಲ್ಲಿ ಅದೇ ಜಾಗ ‘ವರ್ಟಿಸಾಲ್’. ನಾವು ಕರೆಯೋದು ಎರೆ ಮಣ್ಣು ಅಂತ. ಯಾರ ಮಾತು ಸರಿ?

ಉತ್ತರ: ಮೂವರೂ ಸರಿಯಾಗೇ ಹೇಳಿದ್ದಾರೆ. ಒಬ್ಬೊಬ್ಬರು ಮಣ್ಣನ್ನು ಕೇಳಿದ ಪ್ರಶ್ನೆ ಬೇರೆ, ಅಷ್ಟೇ.

ಭಾರ ಹೊರಿಸಿದರೆ, ನೀರು ಸೇರಿದರೆ ಈ ಮಣ್ಣು ಏನು ಮಾಡುತ್ತದೆ? ಎಂಜಿನಿಯರ್‌ಗೆ ಬೇಕಾದದ್ದು ಇಷ್ಟೇ. ಅವರು ಮೇಲ್ಮಣ್ಣು ತೆಗೆದು ಬದಿಗಿಡುತ್ತಾರೆ. ಕೆಳಗಿನ ಮಣ್ಣನ್ನು 0.075 ಮಿಲಿಮೀಟರ್ ಜರಡಿಯಲ್ಲಿ ಹಾಕುತ್ತಾರೆ. ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಕೆಳಗಿಳಿದರೆ ಅದು ಸಣ್ಣ ಕಣದ ಮಣ್ಣು. ಆಮೇಲೆ ಎಷ್ಟು ನೀರು ಬೆರೆತರೆ ಅದು ಮುದ್ದೆಯ ಹದ ಬಿಟ್ಟು ಹರಿಯುವಂತಾಗುತ್ತದೆ ಅಂತ ಅಳೆಯುತ್ತಾರೆ. ಇದಕ್ಕೆ ಲಿಕ್ವಿಡ್ ಲಿಮಿಟ್ ಅನ್ನುತ್ತಾರೆ. ಅದು (ಒಣ ಮಣ್ಣಿನ ತೂಕಕ್ಕೆ ನೀರಿನ ಪಾಲು) ಶೇ 50ರ ಮೇಲಿದ್ದು, ಮಣ್ಣಿಗೆ ಜೇಡಿಯ ಅಂಟುಗುಣವೂ ಇದ್ದರೆ ‘ಸಿಎಚ್’, ಅಂದರೆ ತುಂಬಾ ಅಂಟುಗುಣದ ಜೇಡಿ. ಈ ಪದ್ಧತಿಗೆ ಬುನಾದಿ ಹಾಕಿದವರು ಎಂಜಿನಿಯರ್ ಆರ್ಥರ್ ಕಾಸಾಗ್ರಾಂಡೆ. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನ ನಿಲ್ದಾಣಗಳ ಕೆಲಸಕ್ಕೆಂದು ಮಾಡಿದ್ದು. ಬೆಳೆಯ ಯೋಚನೆಯೇ ಅದರಲ್ಲಿ ಇಲ್ಲ.

ಸಮೀಕ್ಷೆಯವರ ದಾರಿ ಬೇರೆ. ಆಳುದ್ದ ಗುಂಡಿ ತೆಗೆದು, ಅದರ ಗೋಡೆಯಲ್ಲಿ ಕಾಣುವ ಪದರಗಳನ್ನು ಮೇಲಿಂದ ಕೆಳಗೆ ಒಂದೊಂದಾಗಿ ನೋಡುತ್ತಾರೆ. ವರ್ಟಿಸಾಲ್ ಅನ್ನಿಸಿಕೊಳ್ಳಲು ಜೇಡಿ ಶೇ 30ಕ್ಕೆ ಕಡಿಮೆ ಇರಬಾರದು. ಒಣಗಿದಾಗ ಬಿರುಕು ಬಿಟ್ಟು, ನೆನೆದಾಗ ಮುಚ್ಚಿಕೊಳ್ಳಬೇಕು. ಒಳಗೆ ಮಣ್ಣಿನ ಹೆಂಟೆಗಳು ಒಂದರ ಮೇಲೊಂದು ಜಾರಿ ನುಣುಪಾದ ಗುರುತು ಕೂಡ ಇರಬೇಕು. ಇಷ್ಟು ತಿಳಿದರೆ ಮುಂದಿನದನ್ನು ಊಹಿಸಬಹುದು. ಮೊದಲ ಮಳೆಯ ನೀರು ಬಿರುಕಿನೊಳಗೆ ಸರಸರನೆ ಇಳಿಯುತ್ತದೆ. ಬಿರುಕು ಮುಚ್ಚಿದ ಮೇಲೆ ಬಂದ ನೀರು ಮೇಲೇ ನಿಲ್ಲುತ್ತದೆ. ಉಳುಮೆಗೆ ಹದ ಸಿಗುವ ದಿನಗಳು ಕಡಿಮೆ, ಅದು ತಪ್ಪಿದರೆ ಒಂದೋ ಕೆಸರು, ಇಲ್ಲವೇ ಕಲ್ಲಿನಂಥ ಹೆಂಟೆ.

ಎರೆ ಅನ್ನುವ ನಿಮ್ಮ ಹೆಸರನ್ನೂ ಕಡೆಗಣಿಸಬೇಡಿ. ಅದರಲ್ಲಿ ಸುಮಾರು ಇದೇ ಅನುಭವ ಇದೆ, ಅಳತೆ ಮಾತ್ರ ಇಲ್ಲ.

ಪ್ರಶ್ನೆ: ಮಧ್ಯೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ಇಷ್ಟೆಲ್ಲ ಯಾಕೆ? ಕಪ್ಪು, ಕೆಂಪು ಅಂತ ಬಣ್ಣ ನೋಡಿದರೆ ಸಾಕಲ್ವಾ? ಜಾಸ್ತಿ ಅಂದ್ರೆ ಜೇಡಿ ಎಷ್ಟಿದೆ ಅಂತ ನೋಡಿದರಾಯ್ತು.

ಉತ್ತರ: ಬಣ್ಣ ಸುಳಿವು ಕೊಡುತ್ತದೆ, ತೀರ್ಪು ಕೊಡಲ್ಲ. ಹುಲ್ಲುಗಾವಲಿನ ಚೆರ್ನೋಜೆಮ್ ಅನ್ನುವ ಮಣ್ಣು ಕಪ್ಪಗಿರುವುದು ಸಾವಯವ ಅಂಶದಿಂದ. ವರ್ಟಿಸಾಲ್ ಕಪ್ಪಗಿದ್ದೂ ಅದರಲ್ಲಿ ಸಾವಯವ ಅಂಶ ಕಡಿಮೆ ಇರುವುದು ಸಾಮಾನ್ಯ. ಜ್ವಾಲಾಮುಖಿಯ ಬೂದಿಯಿಂದ ಆದ ಮಣ್ಣೂ ಕಪ್ಪಗಿರಬಹುದು. ಮೂರಕ್ಕೂ ಒಂದೇ ಉಪಚಾರ ಮಾಡಿದರೆ ಕೆಟ್ಟಿತು.

ಜೇಡಿಯ ಲೆಕ್ಕ ಇನ್ನೂ ಮೋಸ ಮಾಡುತ್ತದೆ. ಉಷ್ಣವಲಯದ ಒಂದು ಬಗೆಯ ಮಣ್ಣಾದ ಆಕ್ಸಿಸಾಲ್‌ನಲ್ಲೂ ಜೇಡಿ ಶೇ 60 ಇರಬಹುದು, ವರ್ಟಿಸಾಲ್‌ನಲ್ಲೂ ಅಷ್ಟೇ ಇರಬಹುದು. ಆದರೆ ಆಕ್ಸಿಸಾಲ್‌ನ ಜೇಡಿ ಹೆಚ್ಚಾಗಿ ಕಯೋಲಿನೈಟ್ ಅನ್ನುವ, ಅಷ್ಟಾಗಿ ಉಬ್ಬದ ಖನಿಜ ಮತ್ತು ಕಬ್ಬಿಣದ ಆಕ್ಸೈಡ್. ಅವು ಸಣ್ಣ ಹರಳುಗಳಾಗಿ ಗಟ್ಟಿಯಾಗಿ ಕೂಡಿಕೊಂಡಿರುತ್ತವೆ. ಹಾಗಾಗಿ ನೀರು ಬೇಗ ಇಳಿದು ಹೋಗುತ್ತದೆ, ಬಿರುಕು ಬಿಡುವುದು ಅಪರೂಪ. ಹಾಕಿದ ರಂಜಕವನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡು ಗಿಡಕ್ಕೆ ಬಿಡುವುದಿಲ್ಲ. ವರ್ಟಿಸಾಲ್‌ನ ಸ್ಮೆಕ್ಟೈಟ್ ಜೇಡಿ ನೀರು ಕುಡಿದು ಉಬ್ಬುತ್ತದೆ. ಪೋಷಕಾಂಶವನ್ನೂ ಚೆನ್ನಾಗಿ ಹಿಡಿದಿಡುತ್ತದೆ. ಜೇಡಿ ಶೇ 60 ಅಂತಷ್ಟೇ ಬರೆದ ಚೀಟಿ ಹಿಡಿದು ಗೊಬ್ಬರ ಹಾಕಲು ಹೊರಟರೆ ದುಡ್ಡು ದಂಡ.

ವರ್ಗೀಕರಣದ ದೊಡ್ಡ ಲಾಭ ನನ್ನ ಪ್ರಕಾರ ಇಲ್ಲಿದೆ. ಎಲ್ಲೋ ಒಂದು ಹೊಲದಲ್ಲಿ ನಡೆದ ಪ್ರಯೋಗದ ಫಲ ಇನ್ನೊಂದು ಹೊಲಕ್ಕೆ ಹೊಂದುತ್ತದೋ ಇಲ್ಲವೋ ಅಂತ ಹೇಗೆ ಗೊತ್ತಾಗಬೇಕು? ಎರಡೂ ಮಣ್ಣು ಒಂದೇ ವರ್ಗದ್ದಾಗಿದ್ದು, ಹವೆಯೂ ಹೋಲುತ್ತಿದ್ದರೆ ಧೈರ್ಯವಾಗಿ ಹೊಂದಿಸಬಹುದು. ಇಲ್ಲದಿದ್ದರೆ ಪ್ರತಿ ಹೊಲದಲ್ಲೂ ಮೊದಲಿನಿಂದ ಶುರು ಮಾಡಬೇಕು.

ಪ್ರಶ್ನೆ: ಮೇಡಂ, ಜಗತ್ತಿಗೆಲ್ಲ ಒಂದೇ ಪದ್ಧತಿ ಇಲ್ವಾ?

ಉತ್ತರ: ಇಲ್ಲ. ಅಮೆರಿಕದ ‘ಸಾಯಿಲ್ ಟ್ಯಾಕ್ಸಾನಮಿ’ ಪುಸ್ತಕ 1975ರಲ್ಲಿ ಬಂತು. ಈಗ ಅದರಲ್ಲಿ 12 ದೊಡ್ಡ ವರ್ಗಗಳು. ವರ್ಟಿಸಾಲ್, ಆಕ್ಸಿಸಾಲ್ ಹೆಸರುಗಳು ಅದರವೇ. ದೇಶದೇಶಗಳ ನಡುವೆ ಮಾತಾಡಲು ಡಬ್ಲ್ಯುಆರ್‌ಬಿ (ವರ್ಲ್ಡ್ ರೆಫರೆನ್ಸ್ ಬೇಸ್) ಅಂತ ಇನ್ನೊಂದು ಪದ್ಧತಿ ಇದೆ, ಅದರಲ್ಲಿ 32 ಗುಂಪುಗಳು. ಎರಡರ ಹಿಂದಿನ ಯೋಚನೆಯ ಬೇರು ರಷ್ಯಾದ ಮಣ್ಣು ವಿಜ್ಞಾನಿ ದೊಕುಚಾಯೆವ್ ಅವರದು. ಮಣ್ಣು ಅಂದರೆ ಸುಮ್ನೆ ಪುಡಿಯಾದ ಕಲ್ಲಲ್ಲ, ಹವೆ, ಜೀವಿಗಳು, ನೆಲದ ಏರಿಳಿತ, ಮೂಲ ಶಿಲೆ, ಕಾಲ ಎಲ್ಲ ಸೇರಿ ಆದದ್ದು ಅಂತ 1883ರಲ್ಲೇ ತೋರಿಸಿಕೊಟ್ಟರು.

ಪ್ರಶ್ನೆ: ನಾನು ಮಣ್ಣು ಪರೀಕ್ಷೆ ಮಾಡಿಸಿದ್ದೇನೆ. ಪಿಎಚ್, ಸಾರಜನಕ, ರಂಜಕ, ಪೊಟ್ಯಾಷ್ ಎಲ್ಲ ಇದೆ. ಅದು ಸಾಲದಾ?

ಉತ್ತರ: ಅದು ಮೇಲಿನ ಒಂದು ಗೇಣು ಮಣ್ಣಿನ ಇವತ್ತಿನ ಲೆಕ್ಕ. ಗೊಬ್ಬರ ಹಾಕಿದರೆ ಬದಲಾಗುತ್ತದೆ. ಒಂದು ಮೀಟರ್ ಕೆಳಗೆ ಬೇರು ತಡೆಯುವ ಗಟ್ಟಿ ಪದರ ಇದ್ದರೂ ಅದರಲ್ಲಿ ಕಾಣಲ್ಲ. ಈ ಬೆಳೆಯ ಗೊಬ್ಬರಕ್ಕೆ ಪರೀಕ್ಷೆ ನೋಡಿ. ತೋಟ ಹಾಕುವಾಗ, ಬಸಿಗಾಲುವೆ ತೆಗೆಯುವಾಗ, ನೀರಾವರಿ ಮಾಡುವಾಗ ವರ್ಗ ನೋಡಿ.

ಪ್ರಶ್ನೆ: ಮೊದಲು ಕೇಳಿದವನೇ ನಾನು. ಹಾಗಾದ್ರೆ ಸಿಎಚ್ ಮಣ್ಣಲ್ಲಿ ಮನೆ ಕಟ್ಟಲೇಬಾರದಾ?

ಉತ್ತರ: ಕಟ್ಟಬಹುದು, ಆಳ ಕಡಿಮೆಯ ಸಾಮಾನ್ಯ ಪಾಯ ಬೇಡ. ಮಳೆಗಾಲ ಬೇಸಿಗೆಯಲ್ಲಿ ಉಬ್ಬಿ ಕುಗ್ಗುವ ಪದರ ಎಷ್ಟು ಆಳದವರೆಗಿದೆ ಅಂತ ಮೊದಲು ತಿಳಿಯಬೇಕು. ಅದರ ಕೆಳಗೆ ಪಾಯ ಇಳಿಸಬಹುದು, ತಳ ಅಗಲಿಸಿದ ಪೈಲ್ (ನೆಲದೊಳಗೆ ಇಳಿಸುವ ಕಂಬ) ಹಾಕಬಹುದು, ಇಲ್ಲವೇ ಆ ಮಣ್ಣನ್ನೇ ತೆಗೆದು ಬೇರೆ ತುಂಬಬಹುದು. ಸುಣ್ಣ ಬೆರೆಸಿ ಹದ ಮಾಡುವುದೂ ಇದೆ. ಯಾವುದು ಸರಿ ಅಂತ ಸಿಎಚ್ ಅನ್ನುವ ಎರಡಕ್ಷರದಿಂದಲೇ ಹೇಳಲಾಗದು. ಎಷ್ಟು ಉಬ್ಬುತ್ತದೆ, ಎಷ್ಟು ಬಲದಿಂದ ಉಬ್ಬುತ್ತದೆ ಅನ್ನುವ ಪರೀಕ್ಷೆ ವರದಿಯಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಅದನ್ನೂ ಮಾಡಿಸಿ. ಆಮೇಲೆ ಪಾಯದ ನಕ್ಷೆಗೆ ಒಪ್ಪಿಗೆ ಕೊಡಿ.