ಶಾಲೆ ತೆರೆಯುವ ಮುಂಚಿನ ರಿಪೇರಿ: ಅಟೆಂಡರ್ ಕೈಲಿ ಯಾವ ಕೆಲಸ ಮಾಡಿಸಬಹುದು, ಯಾವುದು ಬೇಡ?

ಶನಿವಾರಸಂತೆ ಕಡೆಯವ

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ತಾಲ್ಲೂಕಿನ ಒಂದು ಅನುದಾನಿತ ಪ್ರೌಢಶಾಲೆಯ ಕಟ್ಟಡ ನೋಡಿಕೊಳ್ಳುವ ಜವಾಬ್ದಾರಿ ನನ್ನದು. ಮಳೆ ಹಿಡಿಯುವ ಮುಂಚೆ ಮುಗಿಸಿ ಅಂತ ಪಟ್ಟಿ ಕೊಟ್ಟಿದ್ದಾರೆ. ಹೆಂಚಿನ ಮಾಡಿನ ಪಾಚಿ ತೆಗೆದು ಒಡೆದ ಹೆಂಚು ಬದಲಿಸಬೇಕು. ಶೌಚಾಲಯದ ಮಾಡಿನ ಶೀಟು ಸೋರುತ್ತಿದೆ. 8,000 ಲೀಟರಿನ ಸಂಪು ತೊಳೆಯಬೇಕು. ಸೆಪ್ಟಿಕ್ ಟ್ಯಾಂಕ್ ತುಂಬಿದೆ. ಸಿಲ್ವರ್ ಓಕ್ ಕೊಂಬೆಯೊಂದು ಕಂಬದಿಂದ ಬರುವ ವೈರಿಗೆ ತಾಗುತ್ತಿದೆ. ಮಳೆಗಾಲದಲ್ಲಿ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ದಿನಾ ಬೀಳುತ್ತೆ.

ಜನ ಅಂದರೆ ನಿವೃತ್ತಿ ಹತ್ತಿರ ಇರುವ ಒಬ್ಬ ಅಟೆಂಡರ್, ಹೊರಗುತ್ತಿಗೆಯ ಒಬ್ಬ ಹುಡುಗ, ಒಬ್ಬರು ಆಯಾ. ‘ನಮ್ಮವರೇ ಮಾಡಲಿ, ಹೊರಗಿನವರಿಗೆ ಯಾಕೆ ದುಡ್ಡು’ ಅನ್ನುವುದು ಆಡಳಿತ ಮಂಡಳಿಯ ವಾದ. ಪಕ್ಕದ ತೋಟದವರು ಕರಿಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ಕೊಡ್ತೀವಿ ಅಂದಿದ್ದಾರೆ. ಇದರಲ್ಲಿ ಯಾವುದಕ್ಕೆ ಹೂಂ ಅನ್ನಲಿ, ಯಾವುದಕ್ಕೆ ಬೇಡ ಅನ್ನಲಿ? ಬೇಡ ಅಂದರೆ ಕಾರಣ ಕೇಳ್ತಾರೆ, ಹಾಗಾಗಿ ವಿವರವಾಗಿ ಬರೆದರೆ ಉಪಕಾರ.

ವೈರ್‌ಮನ್ ಪೊನ್ನಂಪೇಟೆ

ಮೊದಲು ಆ ಏಣಿಯನ್ನು ವಾಪಸ್ ಕಳಿಸಿ ಸರ್. ತೋಟದಲ್ಲಿ ಮೆಣಸು ಕೊಯ್ಯುವಾಗ, ಮರಗಸಿ (ನೆರಳು ಮರದ ಕೊಂಬೆ ಸವರುವುದು) ಮಾಡುವಾಗ ಅಲ್ಯೂಮಿನಿಯಂ ಏಣಿ ಲೈನಿಗೆ ತಾಗಿ ಜನ ಸಾಯುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಏಣಿ ಹತ್ತಿದಾಗ ಅಲ್ಲ, ನಿಲ್ಲಿಸಿಕೊಂಡು ಜಾಗ ಬದಲಿಸುವಾಗಲೇ ಹೆಚ್ಚಾಗಿ ಅವಘಡ ಆಗುತ್ತೆ. ಇಪ್ಪತ್ತು ಅಡಿ ಏಣಿ ಹಿಡಿದವನ ಕಣ್ಣು ಕಾಲ ಬುಡದಲ್ಲಿರುತ್ತೆ, ತುದಿ ಎಲ್ಲಿ ವಾಲಿತು ಅಂತ ಗೊತ್ತಾಗಲ್ಲ. ಶಾಲೆಗೆ ಫೈಬರ್ ಏಣಿ ಕೊಳ್ಳಿ, ಇಲ್ಲ ಒಣಗಿದ ಬಿದಿರಿನದು ಬಳಸಿ. ಒದ್ದೆಯಾದರೆ ಬಿದಿರೂ ಕರೆಂಟು ಬಿಡುತ್ತೆ ಅನ್ನುವುದು ನೆನಪಿರಲಿ. ಏಣಿ ಯಾವುದೇ ಇರಲಿ, ಲೈನಿನಿಂದ ಕನಿಷ್ಠ 10 ಅಡಿ ದೂರ.

ಕೊಂಬೆ ವಿಚಾರ: ‘ಮೇನ್ ಸ್ವಿಚ್ ಆಫ್ ಮಾಡಿ ಕಡಿದುಬಿಡು’ ಅಂತ ಯಾರಾದರೂ ಹೇಳಿಯೇ ಹೇಳ್ತಾರೆ. ಕಂಬದಿಂದ ಸರ್ವಿಸ್ ವೈರು ಬಂದು ಮೀಟರಿಗೆ ಸೇರುತ್ತೆ, ಮೇನ್ ಸ್ವಿಚ್ ಇರುವುದು ಅದರ ಆಚೆ. ಸ್ವಿಚ್ ಇಳಿಸಿದರೂ ಕೊಂಬೆಗೆ ತಾಗಿರುವ ವೈರಿನಲ್ಲಿ ಕರೆಂಟು ಇದ್ದೇ ಇರುತ್ತೆ. ಕೊಂಬೆ ಉಜ್ಜಿ ಉಜ್ಜಿ ಇನ್ಸುಲೇಷನ್ ಸವೆದಿದ್ದರೆ ಒದ್ದೆ ಮರ ಮುಟ್ಟಿದವನಿಗೂ ಅಪಾಯ. ಅದು ನಮ್ಮ ಕಡೆಯ ವಿದ್ಯುತ್ ಕಂಪನಿ ಸೆಸ್ಕ್‌ನವರ ಕೆಲಸ. ಸೆಕ್ಷನ್ ಆಫೀಸಿಗೆ ಬರವಣಿಗೆಯಲ್ಲಿ ಕೊಡಿ, 1912ಕ್ಕೂ ದೂರು ಹಾಕಿ ನಂಬರ್ ಬರೆದಿಟ್ಟುಕೊಳ್ಳಿ. ಲೈನ್‌ಮನ್ ಬಂದು ಕಂಬದಲ್ಲಿ ಬಿಡಿಸಿದ ಮೇಲೆ ಕೊಂಬೆ ಇಳಿಯಲಿ.

ಇನ್ನು ಆರ್‌ಸಿಸಿಬಿ. ಅದು ಬೀಳುತ್ತಿದೆ ಅಂದರೆ ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ. ಕಿರಿಕಿರಿ ತಾಳದೆ ಅದನ್ನು ಬೈಪಾಸ್ ಮಾಡಿಸುವ ಶಾಲೆಗಳಿವೆ. ಹಾಗೆ ಮಾಡಿದ ಮೇಲೆ ಒದ್ದೆ ನೆಲ ಒರೆಸುವ ಆಯಾಗೆ ರಕ್ಷಣೆಯೇ ಇಲ್ಲ. ಎಲ್ಲಾ ಎಂಸಿಬಿ (ಒಂದೊಂದು ಲೈನಿನ ಸ್ವಿಚ್) ಇಳಿಸಿ, ಆರ್‌ಸಿಸಿಬಿ ಎತ್ತಿ, ಒಂದೊಂದೇ ಎಂಸಿಬಿ ಎತ್ತುತ್ತಾ ಹೋಗಿ. ಯಾವುದು ಎತ್ತಿದಾಗ ಬಿತ್ತೋ ಆ ಲೈನಿನಲ್ಲಿ ತೇವ ಇದೆ. ಸಾಮಾನ್ಯವಾಗಿ ಪಂಪಿನದು, ಹೊರಗಡೆ ಲೈಟಿನದು, ಇಲ್ಲ ಸೋರುವ ಮಾಡಿನ ಕೆಳಗಿನ ಜಂಕ್ಷನ್ ಬಾಕ್ಸಿನದು. ಎಲ್ಲಾ ಎಂಸಿಬಿ ಇಳಿಸಿಯೂ ಬೀಳುತ್ತಿದ್ದರೆ ನ್ಯೂಟ್ರಲ್ ಎಲ್ಲೋ ಅರ್ಥ್‌ಗೆ ತಾಗಿದೆ. ಸಿಂಗಲ್ ಪೋಲ್ ಎಂಸಿಬಿ ಫೇಸನ್ನು ಮಾತ್ರ ಕತ್ತರಿಸುತ್ತೆ, ನ್ಯೂಟ್ರಲ್ ಹಾಗೇ ಉಳಿಯುತ್ತೆ. ಆಗ ನ್ಯೂಟ್ರಲ್ ಬಾರಿನಿಂದ ಒಂದೊಂದೇ ವೈರು ಬಿಚ್ಚಿ ನೋಡಬೇಕು, ಅದನ್ನು ಲೈಸೆನ್ಸ್ ಇರುವವರೇ ಮಾಡಲಿ. ಶೌಚಾಲಯ, ಅಡುಗೆ ಕೋಣೆ, ಪಂಪಿನ ಲೈನಿಗೆ ಇರಬೇಕಾದ್ದು 30 ಮಿಲಿ ಆಂಪಿಯರಿನದು. 100 ಅಥವಾ 300ರದ್ದು ಹಾಕಿದ್ದರೆ ಅದು ಮನುಷ್ಯನನ್ನು ಉಳಿಸುವ ಲೆಕ್ಕದ್ದಲ್ಲ. ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡುವುದು ಅಟೆಂಡರ್ ಧಾರಾಳವಾಗಿ ಮಾಡಬಹುದಾದ ಕೆಲಸ.

ಇನ್ನೊಂದು. ಕಂಪ್ಯೂಟರ್ ಕೋಣೆಯ ಯುಪಿಎಸ್ ಅನ್ನು ಎಲ್ಲರೂ ಮರೀತಾರೆ. ಮೇನ್ ಇಳಿಸಿದರೂ ಅದರ ಲೈನುಗಳಲ್ಲಿ 230 ವೋಲ್ಟ್ ಇರುತ್ತೆ. ಟೆಸ್ಟರ್ ಸ್ಕ್ರೂ ಡ್ರೈವರ್ ಉರೀಲಿಲ್ಲ ಅಂತ ನಂಬಿ ಕೈ ಹಾಕಬೇಡಿ, ಟೆಸ್ಟ್ ಲ್ಯಾಂಪ್ ಬಳಸಿ. ಅದನ್ನೂ ಮೊದಲು ಕರೆಂಟಿರುವ ಸಾಕೆಟಿನಲ್ಲಿ ಉರಿಸಿ ನೋಡಿ, ಆಮೇಲೆ ಕೆಲಸದ ಜಾಗದಲ್ಲಿ ಹಚ್ಚಿ.

ಮಾಡಿನ ಮೇಸ್ತ್ರಿ

ಹೆಂಚು ಬದಲಿಸಲು ಮಾಡು ಹತ್ತಬೇಕಿಲ್ಲ. ಸೀಲಿಂಗ್ ಇಲ್ಲದ ಕ್ಲಾಸಾದರೆ ಒಳಗಿನಿಂದಲೇ ಆಗುತ್ತೆ. ಬೆಂಚಿನ ಮೇಲೆ ಬೆಂಚು ಇಟ್ಟು ಅಲ್ಲ, ಹಲಗೆ ಹಾಸಿದ ಗಟ್ಟಿ ಅಟ್ಟಣೆ ಕಟ್ಟಿ. ಮೇಲಿನ ಸಾಲಿನ ಹೆಂಚನ್ನು ಎರಡು ಇಂಚು ಎತ್ತಿ ಹಿಡಿದು, ಒಡೆದದ್ದನ್ನು ಕೆಳಕ್ಕೆ ಎಳೆದು, ಹೊಸದನ್ನು ತೂರಿಸಿ ಅದರ ಮೂಗು ರೀಪಿಗೆ (ಹೆಂಚು ಕೂರುವ ಅಡ್ಡಪಟ್ಟಿ) ಸಿಕ್ಕಿಸಿದರೆ ಆಯಿತು. ಇಬ್ಬರು ಬೇಕು. ಕೆಳಗೆ ಯಾರೂ ನಿಲ್ಲಬಾರದು. ಒಂದೊಂದು ಹೆಂಚು ಎರಡು ಕೆಜಿ ಮೇಲಿರುತ್ತೆ, ಹತ್ತು ಅಡಿಯಿಂದ ತಲೆಗೆ ಬಿದ್ದರೆ ಮುಗೀತು.

ಪಾಚಿ ತೆಗೆಯಲು ಹತ್ತಲೇಬೇಕು ಅಂತಾದರೆ ಒಣಗಿದ ದಿನ ಮಾತ್ರ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದ ಮರುದಿನ ಬೆಳಿಗ್ಗೆ ಮಾಡು ಮೇಲಿಂದ ಒಣಗಿದ ಹಾಗೆ ಕಂಡರೂ ಪಾಚಿ ನೀರು ಹಿಡಿದಿರುತ್ತೆ. ಬೆರಳಿಂದ ಕೆರೆದು ನೋಡಿ, ಪುಡಿಯಾಗಿ ಉದುರಿದರೆ ಸರಿ, ಬೆರಳಿಗೆ ಮೆತ್ತಿಕೊಂಡರೆ ಅವತ್ತು ಬೇಡ. ಪ್ರೆಷರ್ ವಾಷರ್ ಹಿಡಿದು ಹತ್ತುವವರನ್ನು ಕಂಡರೆ ನನಗೆ ಭಯ. ಒಂದು ಕಡೆ ಕಾಲ ಕೆಳಗೆ ಜಾರಿಕೆ, ಇನ್ನೊಂದು ಕಡೆ ಪೈಪಿನ ಒತ್ತಡ ಹಿಂದಕ್ಕೆ ತಳ್ಳುತ್ತೆ, ನೀರೆಲ್ಲ ಹೆಂಚಿನ ಸಂದಿಯಿಂದ ಒಳಗೆ ಬೇರೆ ಹೋಗುತ್ತೆ. ಗಟ್ಟಿ ಪೊರಕೆ, ಮರದ ಕೆರೆಗೋಲು ಸಾಕು.

ಹತ್ತುವ ಮುಂಚೆ ಒಳಗಿನಿಂದ ಪಕಾಸು (ಮಾಡು ಹೊರುವ ಇಳಿಜಾರು ಮರ) ಪರೀಕ್ಷಿಸಿ. ಗೋಡೆಯ ಮೇಲೆ ಕೂರುವ ತುದಿ, ಸೋರಿದ ಕಲೆ ಇರುವ ಜಾಗ, ಈ ಎರಡು ಕಡೆ ಸ್ಕ್ರೂ ಡ್ರೈವರ್ ಚುಚ್ಚಿ. ಅರ್ಧ ಇಂಚು ಸಲೀಸಾಗಿ ಇಳಿದರೆ ಆ ಪಕಾಸು ಮನುಷ್ಯನ ಭಾರ ತಡೆಯಲ್ಲ. ಮೇಲೆ ಬರಿಗಾಲಲ್ಲಿ ಹೆಂಚಿನ ಮೇಲೆ ಓಡಾಡುವ ಬದಲು, ಮಾಡಿನ ನೆತ್ತಿಗೆ ಕೊಕ್ಕೆ ಹಾಕುವ ಮರದ ಏಣಿ ಮಲಗಿಸಿ ಅದರ ಮೇಲೆ ಕೂತು ಕೆಲಸ ಮಾಡಿ. ಕೆಳಗಿನ ಏಣಿ ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಹೊರಗಿರಲಿ, ಸೂರಿನಿಂದ ಮೂರು ಅಡಿ ಮೇಲೆ ಚಾಚಿರಲಿ. ಅದನ್ನು ಸೂರಿನ ನೀರು ಹಿಡಿಯುವ ತಗಡಿನ ದೋಣಿಗೆ ಒರಗಿಸಿದರೆ ದೋಣಿ ಬಾಗುತ್ತೆ, ಏಣಿ ಜಾರುತ್ತೆ. ಪಕಾಸಿನ ತುದಿಗೆ ಹಗ್ಗದಿಂದ ಬಿಗಿಯಿರಿ.

ಈಗ ಬೆಲ್ಟಿನ ವಿಷಯ, ಇಲ್ಲೇ ಹೆಚ್ಚಿನವರು ತಪ್ಪುವುದು. ಸೊಂಟದ ಬೆಲ್ಟ್ ಬೇಡವೇ ಬೇಡ, ಬಿದ್ದಾಗ ಬೆನ್ನುಮೂಳೆ ಹೋಗುತ್ತೆ. ಮೈತುಂಬಾ ಹಾಕುವ ಹಾರ್ನೆಸ್ ತನ್ನಿ, ಐಎಸ್ 3521 ಗುರುತು ನೋಡಿ. ಆದರೆ ಬರೀ ಹಾರ್ನೆಸ್ ತಂದರೆ ಸಾಲದು. ಅದರ ಜೊತೆ ಬರುವ ಹಗ್ಗ 6 ಅಡಿ. ಬಿದ್ದಾಗ ಅದರ ಷಾಕ್ ಅಬ್ಸಾರ್ಬರ್ ಬಿಚ್ಚಿಕೊಂಡು ಇನ್ನೂ ಮೂರ್ನಾಲ್ಕು ಅಡಿ ಉದ್ದವಾಗುತ್ತೆ. ಅದರ ಕೆಳಗೆ ಆಳಿನ ಮೈ. ಒಟ್ಟು ಲೆಕ್ಕ 15 ಅಡಿ ದಾಟುತ್ತೆ. ಶಾಲೆಯ ಸೂರು ನೆಲದಿಂದ 10 ಅಡಿ ಇದ್ದರೆ ಹಗ್ಗ ಬಿಗಿಯಾಗುವ ಮುಂಚೆ ಮನುಷ್ಯ ನೆಲ ಸೇರಿರುತ್ತಾನೆ! ಹಾಗಾಗಿ ನಮ್ಮ ಮಾಡುಗಳಲ್ಲಿ ಹಗ್ಗ ಇರಬೇಕಾದ್ದು ಬಿದ್ದವನನ್ನು ಹಿಡಿಯಲು ಅಲ್ಲ, ಅಂಚಿನ ತನಕ ಹೋಗದಂತೆ ತಡೆಯಲು. ನೆತ್ತಿಯ ಮೇಲಿಂದ ಆಚೆ ಬದಿಗೆ ಹಗ್ಗ ಇಳಿಸಿ ದಪ್ಪ ಮರಕ್ಕೋ ಕಾಂಕ್ರೀಟ್ ಕಂಬಕ್ಕೋ ಕಟ್ಟಿ, ಸೂರಿಗೆ ಮೂರು ಅಡಿ ಇರುವಾಗಲೇ ಬಿಗಿಯಾಗುವಷ್ಟು ಉದ್ದ ಬಿಡಿ. ಜೀಪಿಗೆ ಕಟ್ಟುವವರಿದ್ದಾರೆ, ಯಾರಾದರೂ ಜೀಪ್ ತೆಗೆದರೆ ಗತಿಯೇನು?

ಶೌಚಾಲಯದ ಶೀಟಿನ ಮೇಲೆ ನಿಮ್ಮ ಜನ ಕಾಲಿಡುವುದೇ ಬೇಡ. ಸಿಮೆಂಟ್ ಶೀಟು ಹಳೆಯದಾದಷ್ಟೂ ಪೆಡಸು. ಬೆಳಕಿಗೆ ಅಂತ ಮಧ್ಯೆ ಹಾಕಿದ ಫೈಬರ್ ಶೀಟು ಪಾಚಿ ಹಿಡಿದ ಮೇಲೆ ಪಕ್ಕದ ಸಿಮೆಂಟ್ ಶೀಟಿನ ಹಾಗೇ ಕಾಣುತ್ತೆ, ಕಾಲಿಟ್ಟರೆ ನೇರ ಕೆಳಗೆ. ಅಲ್ಲದೆ ಹಳೇ ಶೀಟಿನಲ್ಲಿ ಆಸ್ಬೆಸ್ಟಸ್ ಇರುತ್ತೆ. ಒಣಗಿದ್ದಾಗ ಉಜ್ಜುವುದು, ಡ್ರಿಲ್ ಮಾಡುವುದು, ಒಡೆದ ಚೂರು ಗುಡಿಸುವುದು ಯಾವುದೂ ಬೇಡ. ನೀರು ಚಿಮುಕಿಸಿ ಒದ್ದೆಯಾಗಿಯೇ ಎತ್ತಬೇಕು. ಆ ಕೆಲಸ ಗುತ್ತಿಗೆಗೆ ಕೊಡಿ.

ಶನಿವಾರಸಂತೆ ಕಡೆಯವ

ತುಂಬಾ ಉಪಕಾರ. ಸಂಪಿಗೆ ಇಳಿಯುವ ಮುಂಚೆ ಮೇಣದ ಬತ್ತಿ ಇಳಿಸಿ ನೋಡಿದರೆ ಸಾಕು, ಉರಿದರೆ ಗಾಳಿ ಇದೆ ಅಂತ ಅಟೆಂಡರ್ ಹೇಳ್ತಾರೆ. ಸೆಪ್ಟಿಕ್ ಟ್ಯಾಂಕಿಗೂ ಅದೇ ಲೆಕ್ಕವಾ?

ತೋಡಿನ ನೀರು

ಖಂಡಿತಾ ಇಲ್ಲ. ಗಾಳಿಯಲ್ಲಿ ಆಮ್ಲಜನಕ 20.9% ಇರುತ್ತೆ, 19.5ಕ್ಕಿಂತ ಕೆಳಗೆ ಇಳಿದ ಜಾಗಕ್ಕೆ ಮನುಷ್ಯ ಹೋಗಬಾರದು. ಮೇಣದ ಬತ್ತಿ 16–17ರವರೆಗೂ ಉರಿಯುತ್ತಲೇ ಇರುತ್ತೆ. ವಿಷಗಾಳಿ ಇದೆಯೋ ಇಲ್ಲವೋ ಅದಕ್ಕೆ ತಿಳಿಯಲ್ಲ. ಸೆಪ್ಟಿಕ್ ಟ್ಯಾಂಕಿನಲ್ಲಾದರೆ ಮೀಥೇನ್‌ಗೆ ಬೆಂಕಿ ಹತ್ತಿ ಸ್ಫೋಟವಾಗಬಹುದು. ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿಗೆ 100 ಪಾಲು) ಹತ್ತಿರ ಹೋದರೆ ಮೂಗನ್ನೇ ಮರಗಟ್ಟಿಸುತ್ತೆ. ‘ಈಗ ವಾಸನೆ ಹೋಯ್ತು’ ಅನ್ನುವ ಹೊತ್ತಿಗೆ ಅಪಾಯ ಹೆಚ್ಚಿರುತ್ತೆ.

ಸೆಪ್ಟಿಕ್ ಟ್ಯಾಂಕಿಗೆ ಚರ್ಚೆಯೇ ಇಲ್ಲ. 2013ರ ಮ್ಯಾನ್ಯುಯಲ್ ಸ್ಕ್ಯಾವೆಂಜಿಂಗ್ ನಿಷೇಧ ಕಾಯ್ದೆ ಪ್ರಕಾರ ಅಪಾಯಕಾರಿ ರೀತಿಯಲ್ಲಿ ಯಾರನ್ನೂ ಇಳಿಸುವಂತಿಲ್ಲ. ಇಳಿಸಿದವರಿಗೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ನೇರವಾಗಿ ಅಲ್ಲ, ಮೇಸ್ತ್ರಿ ಮೂಲಕ ಇಳಿಸಿದೆವು ಅಂದರೂ ಬಿಡುವುದಿಲ್ಲ. ಸತ್ತರೆ 30 ಲಕ್ಷ ಪರಿಹಾರ ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿದೆ. ಆಡಳಿತ ಮಂಡಳಿಗೆ ಈ ಎರಡು ವಾಕ್ಯ ಓದಿ ಹೇಳಿ, ಸಕ್ಕಿಂಗ್ ಗಾಡಿಗೆ ದುಡ್ಡು ತಾನಾಗಿ ಹೊರಡುತ್ತೆ. ಗಾಡಿ ಬಂದಾಗಲೂ ಮುಚ್ಚಳ ತೆಗೆದ ಕೂಡಲೇ ಬಗ್ಗಿ ಇಣುಕಬಾರದು. ಬೀಡಿ ಸಿಗರೇಟು ದೂರ. ಕೆಲಸ ಮುಗಿಯುವ ತನಕ ಸುತ್ತ ಹಗ್ಗ ಕಟ್ಟಿ.

ಸಂಪಿಗೆ ಇಳಿಯದೆಯೇ ತೊಳೆಯಿರಿ. 8,000 ಲೀಟರ್ ಅಂದರೆ ಸುಮಾರು ಎರಡು ಮೀಟರ್ ಆಳ ಇದ್ದೀತು. ಉದ್ದ ಬಿದಿರಿಗೆ ಬ್ರಷ್ ಕಟ್ಟಿ ಮೇಲಿಂದಲೇ ಉಜ್ಜಿ, ಕೆಸರನ್ನು ಪಂಪಿನಿಂದ ಎತ್ತಿ. ಪೆಟ್ರೋಲ್ ಪಂಪನ್ನು ಸಂಪಿನ ಬಾಯಿ ಹತ್ತಿರ ಇಡಬೇಡಿ, ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಒಳಗೆ ಇಳಿಯುತ್ತೆ. ಮುಳುಗುವ ಕರೆಂಟ್ ಪಂಪ್ ಚಾಲೂ ಇರುವಾಗ ನೀರಿಗೆ ಕೈ ಹಾಕಬೇಡಿ, ಪ್ಲಗ್ ಕಿತ್ತ ಮೇಲೆ ಮಾತ್ರ. ಇಳಿಯಲೇಬೇಕಾದ ಬಿರುಕು ರಿಪೇರಿ ಇದ್ದರೆ ನಾಲ್ಕು ಗ್ಯಾಸ್ ಅಳೆಯುವ ಮೀಟರ್, ಬ್ಲೋವರ್, ಟ್ರೈಪಾಡ್, ಹಾರ್ನೆಸ್ ಇರುವವರನ್ನು ಕರೆಸಿ. ಒಳಗೆ ಒಬ್ಬ ಕುಸಿದರೆ ಎತ್ತಲು ಇನ್ನೊಬ್ಬ ಇಳಿಯುವುದು, ಅವನ ಹಿಂದೆ ಮತ್ತೊಬ್ಬ, ಹೀಗೆಯೇ ಒಂದೇ ಗುಂಡಿಯಲ್ಲಿ ಎರಡು ಮೂರು ಹೆಣ ಬೀಳುವುದು. ಮೇಲಿಂದ ಹಗ್ಗ ಎಳೆಯಬೇಕು, 112ಕ್ಕೆ ಫೋನ್ ಮಾಡಬೇಕು, ಇಳಿಯಬಾರದು.

ಉಜ್ಜಿ ಆದ ಮೇಲೆ ಬ್ಲೀಚಿಂಗ್. ತುಂಬಿದ ಸಂಪಿಗೆ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಲೆಕ್ಕ ಹಿಡಿದರೆ, 33% ಪುಡಿ ಸುಮಾರು 1.2 ಕೆಜಿ. ಪ್ಲಾಸ್ಟಿಕ್ ಬಕೆಟಿನಲ್ಲಿ, ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು ಸ್ವಲ್ಪ ಸ್ವಲ್ಪವಾಗಿ ಕದಡಿ, ಸುಣ್ಣ ತಳ ಸೇರಿದ ಮೇಲೆ ತಿಳಿಯನ್ನು ಮಾತ್ರ ಸುರಿಯಿರಿ. ಕನ್ನಡಕ, ರಬ್ಬರ್ ಗ್ಲೌಸ್ ಇರಲಿ. ಒಂದು ರಾತ್ರಿ ಬಿಟ್ಟು ಹೊರಹಾಕಿ, ಆದರೆ ತೋಡಿಗೆ (ಹಳ್ಳಕ್ಕೆ) ಬಿಡಬೇಡಿ, ಮೀನು ಸಾಯುತ್ತೆ. ಬಯಲಿಗೆ ಹರಡಿ. ಕಳೆದ ವರ್ಷದ ಬಾಯಿ ತೆರೆದ ಚೀಲ ನಮ್ಮ ತೇವಕ್ಕೆ ಗಟ್ಟಿ ಕಟ್ಟಿ ಸತ್ವ ಕಳೆದುಕೊಂಡಿರುತ್ತೆ, ಹೊಸದು ತನ್ನಿ.

ನೀವು ಕೇಳಲಿಲ್ಲ, ಆದರೂ ಆಯಾಗೆ ಸಂಬಂಧಿಸಿದ್ದು ಹೇಳಿಬಿಡ್ತೀನಿ. ಬ್ಲೀಚಿಂಗ್ ಮತ್ತು ಆಸಿಡ್ ಬೆರೆತರೆ ಕ್ಲೋರಿನ್ ಗ್ಯಾಸ್ ಬರುತ್ತೆ. ಬಕೆಟಿನಲ್ಲಿ ಬೆರೆಸಬಾರದು ಅಂತ ಎಲ್ಲರಿಗೂ ಗೊತ್ತು. ಬೆರೆಯುವುದು ಕಕ್ಕಸಿನ ಕಮೋಡಿನಲ್ಲಿ. ಸಂಜೆ ಯಾರೋ ಪುಡಿ ಉದುರಿಸಿ ಹೋಗಿರ್ತಾರೆ, ಬೆಳಿಗ್ಗೆ ಇನ್ನೊಬ್ಬರು ಅದರ ಮೇಲೆ ಟಾಯ್ಲೆಟ್ ಕ್ಲೀನರ್ ಹಾಕ್ತಾರೆ. ಗ್ಯಾಸ್ ಗಾಳಿಗಿಂತ ಭಾರ, ಕಿಟಕಿ ಎತ್ತರದಲ್ಲಿರುವ ಸಣ್ಣ ಕೋಣೆಯಲ್ಲಿ ಕೆಳಗೇ ನಿಲ್ಲುತ್ತೆ, ಕುಕ್ಕರುಗಾಲಲ್ಲಿ ಕೂತು ಉಜ್ಜುವವರ ಮುಖದ ಮಟ್ಟದಲ್ಲೇ. ಒಂದೇ ಸಾಮಾನು ಕೊಳ್ಳಿ, ಇನ್ನೊಂದು ಶೌಚಾಲಯಕ್ಕೆ ಬರಲೇಬಾರದು. ಕಣ್ಣು ಉರಿದು ಕೆಮ್ಮು ಬಂದರೆ ಎಲ್ಲ ಬಿಟ್ಟು ಹೊರಗೆ ಬನ್ನಿ. ಉಸಿರು ಕಟ್ಟುವುದು ಕೆಲವು ಗಂಟೆ ಕಳೆದೂ ಶುರುವಾಗಬಹುದು, ಹಾಗಾಗಿ ಆಸ್ಪತ್ರೆಗೆ ತೋರಿಸಿಯೇ ಮನೆಗೆ ಕಳಿಸಿ. ಜ್ಯೂಸ್ ಬಾಟಲಿಯಲ್ಲಿ ಆಸಿಡ್ ತುಂಬಿಡುವ ಅಭ್ಯಾಸವಂತೂ ಶಾಲೆಯಲ್ಲಿ ಕೂಡದು.

ಮಾಡಿನ ಮೇಸ್ತ್ರಿ

ಕಟ್ಟಡದ ಹಿಂದೆ ಬರೆ (ಕಡಿದಾದ ಮಣ್ಣಿನ ದಿಣ್ಣೆ) ಇದೆಯಾ? ಇದ್ದರೆ ತಡೆಗೋಡೆಯ ತೂತುಗಳನ್ನು ಈಗಲೇ ಕಂಬಿ ಹಾಕಿ ಬಿಡಿಸಿ. ಅವು ಕಟ್ಟಿಕೊಂಡರೆ ಗೋಡೆಯ ಹಿಂದೆ ನೀರು ನಿಂತು ತಳ್ಳುತ್ತೆ. ಜೋರು ಮಳೆಯಲ್ಲಿ ಚರಂಡಿ ಬಿಡಿಸು ಅಂತ ಯಾರನ್ನೂ ಬರೆ ಬುಡಕ್ಕೆ ಕಳಿಸಬೇಡಿ. ಮೇಲೆ ಹೊಸ ಬಿರುಕು, ವಾಲಿದ ಮರ, ತೂತಿನಿಂದ ಕೆಸರು ನೀರು ಕಂಡರೆ ಆ ಬದಿಯ ಕೋಣೆಗಳನ್ನೂ ಖಾಲಿ ಮಾಡಿಸಿ.

ವೈರ್‌ಮನ್ ಪೊನ್ನಂಪೇಟೆ

ಹುಡುಗನಿಗೆ ಕಳೆ ಕಡಿಯುವ ಮಿಷನ್ ಕೊಡುವುದಾದರೆ ಮುಖಕ್ಕೆ ಶೀಲ್ಡ್, ಕಾಲಿಗೆ ಗಂಬೂಟು. ಸುತ್ತ 15 ಮೀಟರಿನಲ್ಲಿ ಯಾರೂ ಇರಬಾರದು, ಕಲ್ಲು ಅಷ್ಟು ದೂರ ಸಿಡಿಯುತ್ತೆ. ಗೋಡೆ ಪಕ್ಕ ಬ್ಲೇಡ್ ಬದಲು ನೈಲಾನ್ ದಾರ ಹಾಕಿ. ಹಳೇ ಹೆಂಚಿನ ರಾಶಿ, ಸೌದೆ ಕೊಟ್ಟಿಗೆಯಲ್ಲಿ ಕೈ ಹಾಕುವ ಮುಂಚೆ ಕೋಲಿನಿಂದ ಕದಲಿಸಲಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ, ಕೈಕಾಲು ಅಲುಗಿಸದೆ 108ರಲ್ಲಿ ಸಾಗಿಸಿ. ಮಳೆಗಾಲದಲ್ಲಿ ಜ್ವರದ ಜೊತೆ ಮೀನಖಂಡ ನೋವು ಬಂದರೆ ಚರಂಡಿ ಕೆಲಸ ಮಾಡಿದ್ದನ್ನು ಡಾಕ್ಟರಿಗೆ ಹೇಳಲಿ, ಇಲಿ ಜ್ವರ ಇರಬಹುದು.

ಶನಿವಾರಸಂತೆ ಕಡೆಯವ

ಬರೆ ಇದೆ, ಶೌಚಾಲಯದ ಹಿಂದೆಯೇ. ತೂತು ಬಿಡಿಸುವುದು, ಒಳಗಿನಿಂದ ಹೆಂಚು ಬದಲಿಸುವುದು, ಸಂಪನ್ನು ಮೇಲಿಂದ ಉಜ್ಜುವುದು, ಕಳೆ, ಇಷ್ಟು ನಮ್ಮವರಿಗೆ. ಕೊಂಬೆ ಸೆಸ್ಕ್‌ಗೆ. ಶೀಟು, ಪಾಚಿ, ಸೆಪ್ಟಿಕ್ ಟ್ಯಾಂಕ್ ಹೊರಗಿನವರಿಗೆ. ಹೀಗೆ ಬರೆದು ಸೋಮವಾರ ಹೆಡ್‌ಮಾಸ್ಟರ್ ಸಹಿ ತಗೊಳ್ತೀನಿ. ಪಾಚಿಗೆ ಬರುವ ಗುತ್ತಿಗೆದಾರನ ಹತ್ತಿರ ಮೊದಲೇ ಏನು ಕೇಳಬೇಕು?

ಮಾಡಿನ ಮೇಸ್ತ್ರಿ

ಹಾರ್ನೆಸ್ ಎಷ್ಟಿದೆ, ಹಗ್ಗ ಎಲ್ಲಿ ಕಟ್ತೀಯಾ, ಆಳುಗಳಿಗೆ ಇನ್ಶೂರೆನ್ಸ್ ಇದೆಯಾ. ಎರಡನೇ ಪ್ರಶ್ನೆಗೆ ನಕ್ಕರೆ ಬೇರೆಯವರನ್ನು ಹುಡುಕಿ.