ಬೆಟ್ಟ ಹತ್ತುವಾಗ ಏದುಸಿರು, ಇಳಿದ ಮರುದಿನ ತೊಡೆನೋವು: ಸ್ನಾಯು ಸಂಕೋಚನದ ಬಗೆಗಳನ್ನು ಮಕ್ಕಳಿಗೆ ಹೇಗೆ ವಿವರಿಸಲಿ?

ಪ್ರಶ್ನೆ: ದೈಹಿಕ ಶಿಕ್ಷಣ ಶಿಕ್ಷಕ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಪ್ರತಿ ವರ್ಷ ಒಂಬತ್ತನೆಯ ತರಗತಿಯ ಮಕ್ಕಳನ್ನು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸಿ ಇಳಿಸುವುದು ನಮ್ಮ ಶಾಲೆಯ ರೂಢಿ. ಆ ಸಾವಿರ ಮೆಟ್ಟಿಲುಗಳನ್ನು ಹತ್ತುವಾಗ ಮಕ್ಕಳು ಏದುಸಿರು ಬಿಡುತ್ತಾರೆ, ನಂದಿಯ ಬಳಿ ಕುಳಿತು ಸುಧಾರಿಸಿಕೊಳ್ಳುತ್ತಾರೆ. ಇಳಿಯುವಾಗ ಮಾತ್ರ ಹರಟುತ್ತಾ, ಆಯಾಸವೇ ಇಲ್ಲದವರಂತೆ ಇಳಿದುಬಿಡುತ್ತಾರೆ. ಆದರೆ ಮರುದಿನ ಹಾಗೂ ಅದರ ಮರುದಿನ ಅನೇಕರಿಗೆ ತೊಡೆಯ ಮುಂಭಾಗ ಹಿಡಿದುಕೊಂಡು, ಬೆಂಚಿನಿಂದ ಏಳುವುದೂ ಕಷ್ಟವಾಗುತ್ತದೆ.

ನೋವಿಗೆ ಕಾರಣ ಹತ್ತಿದ್ದಲ್ಲ, ಇಳಿದದ್ದು ಎಂದು ಪರಿಚಿತ ತರಬೇತುದಾರರೊಬ್ಬರು ಹೇಳಿದರು. ಅದು ಎಕ್ಸೆಂಟ್ರಿಕ್ ಸಂಕೋಚನದ ಪರಿಣಾಮವಂತೆ. ನಾನು ಓದಿದ ಪಠ್ಯದಲ್ಲಿ ಐಸೊಟೋನಿಕ್ ಮತ್ತು ಐಸೊಮೆಟ್ರಿಕ್ ಎಂಬ ಎರಡೇ ವಿಧಗಳಿದ್ದವು. ಈ ಹೆಸರುಗಳು ಒಂದಕ್ಕೊಂದು ಹೇಗೆ ಹೊಂದುತ್ತವೆ? ಸುಲಭವಾಗಿ ಮಾಡಿದ ಕೆಲಸವೇ ಹೆಚ್ಚು ನೋವು ಕೊಡುವುದು ಹೇಗೆ? ಇದಕ್ಕೆ ಲ್ಯಾಕ್ಟಿಕ್ ಆಮ್ಲ ಕಾರಣವೆಂದು ಮಕ್ಕಳಿಗೆ ಹೇಳಬಹುದೇ?

ಉತ್ತರ 1: ಫಿಸಿಯೋಥೆರಪಿಸ್ಟ್, ಧಾರವಾಡ

ಮೇಷ್ಟ್ರೇ, ನಿಮ್ಮ ತರಬೇತುದಾರರು ಹೇಳಿದ್ದು ಸರಿ. ನರದ ಸಂದೇಶ ಬಂದಾಗ ಸ್ನಾಯು ಮಾಡುವ ಕೆಲಸ ಯಾವಾಗಲೂ ಒಂದೇ: ತನ್ನ ಎರಡು ತುದಿಗಳನ್ನು ಒಳಕ್ಕೆ ಎಳೆಯುವುದು. ಆ ಎಳೆತಕ್ಕೆ ಎದುರಾಗಿರುವ ಭಾರ ಎಷ್ಟೆಂಬುದರ ಮೇಲೆ ಉಳಿದದ್ದು ನಿಂತಿದೆ. ಎಳೆತ ಭಾರವನ್ನು ಮೀರಿದರೆ ಸ್ನಾಯು ಗಿಡ್ಡವಾಗುತ್ತದೆ, ಇದು ಕಾನ್ಸೆಂಟ್ರಿಕ್. ಎರಡೂ ಸಮವಾಗಿದ್ದರೆ ಸ್ನಾಯುವಿನ ಉದ್ದ ಬದಲಾಗುವುದಿಲ್ಲ, ಇದು ಐಸೊಮೆಟ್ರಿಕ್. ಭಾರವೇ ಮೇಲುಗೈ ಪಡೆದರೆ ಸ್ನಾಯು ಎಳೆಯುತ್ತಿದ್ದರೂ ಉದ್ದವಾಗುತ್ತಾ ಹೋಗುತ್ತದೆ, ಇದು ಎಕ್ಸೆಂಟ್ರಿಕ್. ನಿಮ್ಮ ಪಠ್ಯದ ಐಸೊಟೋನಿಕ್ ಎಂಬುದು ಮೊದಲನೆಯದನ್ನೂ ಮೂರನೆಯದನ್ನೂ ಒಟ್ಟಿಗೆ ಸೇರಿಸಿದ ಗುಂಪು. ಐಸೊಟೋನಿಕ್ ಎನ್ನಬೇಕಾದರೆ ಚಲನೆಯುದ್ದಕ್ಕೂ ಸ್ನಾಯುವಿನ ಬಿಗಿತ ಒಂದೇ ಸಮನಾಗಿರಬೇಕು. ಆದರೆ ಡಂಬೆಲ್ ಎತ್ತುವಾಗ ಮೊಣಕೈಯ ಕೋನ ಬದಲಾದಂತೆ ಬಿಗಿತವೂ ಬದಲಾಗುವುದರಿಂದ, ಪ್ರಯೋಗಾಲಯದ ಹೊರಗೆ ಅಂತಹ ಸಂಕೋಚನ ಸಿಗುವುದು ಅಪರೂಪ. ಹತ್ತುವುದನ್ನೂ ಇಳಿಯುವುದನ್ನೂ ಒಂದೇ ಹೆಸರಿನ ಕೆಳಗೆ ತಂದುಬಿಟ್ಟರೆ ನಿಮ್ಮ ಪ್ರಶ್ನೆಯೇ ಮರೆಯಾಗುತ್ತದೆ. ಹಾಗಾಗಿ ಮಕ್ಕಳಿಗೆ ಮೂರು ಬಗೆಗಳನ್ನೇ ಹೇಳಿಕೊಡುವುದು ಒಳ್ಳೆಯದೆಂದು ನನಗೆ ಅನಿಸುತ್ತದೆ.

ಮೂರನ್ನೂ ಒಂದೇ ಮೆಟ್ಟಿಲಿನ ಮೇಲೆ ತೋರಿಸಬಹುದು. ಬಲಗಾಲನ್ನು ಮೇಲಿನ ಮೆಟ್ಟಿಲಿಗಿಟ್ಟು ಮಂಡಿಯನ್ನು ನೇರ ಮಾಡಿದಾಗ ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯು ಗಿಡ್ಡವಾಗುತ್ತಾ ಇಡೀ ದೇಹವನ್ನು ಮೇಲೆತ್ತುತ್ತದೆ. ಇಳಿಯುವಾಗ ಎಡಗಾಲು ಕೆಳಗಿನ ಮೆಟ್ಟಿಲನ್ನು ಮುಟ್ಟುವ ತನಕ, ಮೇಲೆ ಉಳಿದ ಬಲಗಾಲಿನ ಮಂಡಿ ನಿಧಾನವಾಗಿ ಮಡಚಿಕೊಳ್ಳುತ್ತಿರುತ್ತದೆ. ಅದನ್ನು ಮಡಚುತ್ತಿರುವುದು ತೊಡೆಯ ಹಿಂಭಾಗದ ಸ್ನಾಯುವಲ್ಲ, ದೇಹದ ತೂಕ. ಮಂಡಿ ಕುಸಿದುಬೀಳದಂತೆ ತಡೆಹಿಡಿದು, ತಾನು ಹಿಗ್ಗುತ್ತಲೇ ಭಾರ ಹೊರುತ್ತಿರುವುದು ಅದೇ ಕ್ವಾಡ್ರಿಸೆಪ್ಸ್. ಅಂಗೈಯನ್ನು ತೊಡೆಯ ಮೇಲಿಟ್ಟುಕೊಂಡು ಇಳಿಯಲು ಮಕ್ಕಳಿಗೆ ಹೇಳಿ. ಹೆಜ್ಜೆ ಕೆಳಗಿಳಿಯುತ್ತಿರುವಷ್ಟು ಹೊತ್ತೂ ಸ್ನಾಯು ಗಟ್ಟಿಯಾಗಿ ಬಿಗಿದಿರುವುದು ಅವರಿಗೇ ತಿಳಿಯುತ್ತದೆ. ಅರ್ಧ ಇಳಿದು ಅಲ್ಲೇ ನಿಂತುಬಿಟ್ಟರೆ ಅದು ಐಸೊಮೆಟ್ರಿಕ್.

ಐಸೊಮೆಟ್ರಿಕ್ ವ್ಯಾಯಾಮದ ಬಗ್ಗೆ ಒಂದು ಮಾತು. ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನೇ ಒತ್ತುವುದರಿಂದ ಆ ಹೊತ್ತಿನಲ್ಲಿ ರಕ್ತದೊತ್ತಡ ಏರುತ್ತದೆ. ಉಸಿರು ಕಟ್ಟಿ ಹಿಡಿದರೆ ಇನ್ನೂ ಏರುತ್ತದೆ. ಪ್ಲ್ಯಾಂಕ್ ಮಾಡುವಾಗಲೂ ಗೋಡೆಗೊರಗಿ ಕುರ್ಚಿಯಿಲ್ಲದೆ ಕುಳಿತುಕೊಳ್ಳುವಾಗಲೂ ಉಸಿರಾಡುತ್ತಲೇ ಇರಬೇಕೆಂದು ಒತ್ತಿ ಹೇಳಿ. ವಾರಗಟ್ಟಲೆ ಕ್ರಮವಾಗಿ ಮಾಡಿದವರ ವಿಶ್ರಾಂತಿ ಸ್ಥಿತಿಯ ರಕ್ತದೊತ್ತಡ ಇಳಿಯುವುದೂ ಅಧ್ಯಯನಗಳಲ್ಲಿ ಕಂಡುಬಂದಿದೆ; ಆದರೆ ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಆರಂಭಿಸಲಿ.

ಉತ್ತರ 2: ಶರೀರಕ್ರಿಯಾಶಾಸ್ತ್ರ ಉಪನ್ಯಾಸಕಿ, ಮಂಗಳೂರು

ಲ್ಯಾಕ್ಟಿಕ್ ಆಮ್ಲದ ವಿವರಣೆಯನ್ನು ದಯವಿಟ್ಟು ಕೈಬಿಡಿ. ರಕ್ತದಲ್ಲಿ ಲ್ಯಾಕ್ಟೇಟ್ (ಈ ಆಮ್ಲ ದೇಹದಲ್ಲಿ ಇರುವ ರೂಪ) ಹೆಚ್ಚುವುದು ಹತ್ತುವಾಗಲೇ ಹೊರತು ಇಳಿಯುವಾಗಲ್ಲ. ವ್ಯಾಯಾಮ ನಿಂತ ಗಂಟೆ ಎರಡು ಗಂಟೆಯೊಳಗೆ ಅದು ಮೊದಲಿನ ಮಟ್ಟಕ್ಕೆ ಮರಳಿರುತ್ತದೆ. ನಿಮ್ಮ ಮಕ್ಕಳ ನೋವು ಶುರುವಾಗುವುದು ಸುಮಾರು 12ರಿಂದ 24 ಗಂಟೆಗಳ ನಂತರ, ಜೋರಾಗುವುದು 24ರಿಂದ 72 ಗಂಟೆಗಳ ನಡುವೆ. ಅಷ್ಟು ಹೊತ್ತಿಗೆ ಇಲ್ಲವೇ ಇಲ್ಲದ ವಸ್ತುವಿನ ಮೇಲೆ ದೋಷ ಹೊರಿಸುವಂತಿಲ್ಲ. ಅಮೆರಿಕದ ಥಿಯೊಡೋರ್ ಹಫ್ ಎಂಬ ಶರೀರಕ್ರಿಯಾ ವಿಜ್ಞಾನಿ 1902ರಷ್ಟು ಹಿಂದೆಯೇ ಇಂತಹ ತಡವಾದ ನೋವನ್ನು ವರ್ಣಿಸಿ, ಸ್ನಾಯುವಿನ ಒಳಗೇ ಏನೋ ಹರಿದಿರಬೇಕೆಂದು ತರ್ಕಿಸಿದ್ದರು.

ಇಳಿಯುವುದು ಏಕೆ ಅಷ್ಟು ಅಗ್ಗ ಎಂಬುದಕ್ಕೆ ನನಗೆ ಬಹಳ ಪ್ರಿಯವಾದ ಪ್ರಯೋಗವೊಂದಿದೆ. ಇಂಗ್ಲೆಂಡಿನ ಅಬಟ್, ಬ್ರೆಂಡಾ ಬಿಗ್ಲೆಂಡ್ ಮತ್ತು ರಿಚಿ ಎಂಬ ಮೂವರು 1952ರಲ್ಲಿ ಇದನ್ನು ಪ್ರಕಟಿಸಿದರು. ಎರಡು ಸೈಕಲ್‌ಗಳನ್ನು ಹಿಂಬದಿಗೆ ಹಿಂಬದಿ ತಾಗುವಂತೆ ನಿಲ್ಲಿಸಿ, ಎರಡಕ್ಕೂ ಒಂದೇ ಸರಪಳಿಯ ಸಂಪರ್ಕ ಕೊಟ್ಟರು. ಒಬ್ಬರು ಎಂದಿನಂತೆ ಪೆಡಲ್ ತುಳಿಯಬೇಕು. ಇನ್ನೊಬ್ಬರ ಪೆಡಲ್‌ಗಳು ಹಿಮ್ಮುಖವಾಗಿ ತಿರುಗುತ್ತಾ ಬರುವಾಗ ಅವರು ಕಾಲಿನಿಂದ ತಡೆಯೊಡ್ಡಬೇಕು. ವೇಗವೂ ಒಂದೇ, ಬಲವೂ ಒಂದೇ; ತುಳಿಯುವವರದು ಕಾನ್ಸೆಂಟ್ರಿಕ್, ತಡೆಯುವವರದು ಎಕ್ಸೆಂಟ್ರಿಕ್. ಆದರೂ ತಡೆಯುವವರು ಬಳಸಿದ ಆಮ್ಲಜನಕ ತುಳಿಯುವವರದಕ್ಕಿಂತ ಎಷ್ಟೋ ಪಟ್ಟು ಕಡಿಮೆಯಿತ್ತು. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದನ್ನು ಪ್ರದರ್ಶಿಸಿದಾಗ, ತಡೆಯೊಡ್ಡುತ್ತಾ ಕುಳಿತ ಯುವತಿ ಹೆಚ್ಚು ಶ್ರಮವಿಲ್ಲದೆ ಎದುರಿನ ಯುವಕನನ್ನು ಬೇಗನೆ ಸುಸ್ತು ಮಾಡಿಬಿಟ್ಟರು.

ಕಾರಣ ಸ್ನಾಯುತಂತುವಿನ ಒಳಗಿದೆ. 1954ರಲ್ಲಿ ಆಂಡ್ರ್ಯೂ ಹಕ್ಸ್‌ಲಿ ಮತ್ತು ನೀಡರ್ಗರ್ಕೆ ಒಂದು ಕಡೆ, ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಇನ್ನೊಂದು ಕಡೆ, ಸ್ನಾಯುವಿನ ಎರಡು ಬಗೆಯ ಎಳೆಗಳು ಒಂದರ ಪಕ್ಕ ಒಂದು ಜಾರುವುದರಿಂದ ಸಂಕೋಚನ ನಡೆಯುತ್ತದೆಂದು ತೋರಿಸಿಕೊಟ್ಟರು. ಮಯೋಸಿನ್ ಎಳೆಯ ತಲೆಗಳು ಆಕ್ಟಿನ್ ಎಳೆಯನ್ನು ಹಿಡಿದು, ಎಳೆದು, ಬಿಡುತ್ತವೆ. ಹೀಗೆ ಬಿಟ್ಟು ಮತ್ತೆ ಹಿಡಿಯಲು ಪ್ರತಿ ಸಲವೂ ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣು ಒಂದು ಖರ್ಚಾಗುತ್ತದೆ. ಭಾರವೇ ಸ್ನಾಯುವನ್ನು ಹಿಗ್ಗಿಸುತ್ತಿರುವಾಗ ಈ ತಲೆಗಳು ಎಟಿಪಿಗಾಗಿ ಕಾಯದೆ ಬಲವಂತವಾಗಿ ಕಿತ್ತುಬಂದು, ಕೂಡಲೇ ಮತ್ತೊಂದೆಡೆ ಹಿಡಿದುಕೊಳ್ಳುತ್ತವೆ. ಹಿಗ್ಗಿದಷ್ಟೂ ಬಿಗಿಯಾಗುವ ಟೈಟಿನ್ ಎಂಬ ಪ್ರೋಟೀನ್ ಕೂಡ ಭಾರದಲ್ಲಿ ಪಾಲು ಹೊರುತ್ತದೆ. ಹೀಗಾಗಿ ಕಡಿಮೆ ಖರ್ಚಿನಲ್ಲಿ ಹೆಚ್ಚು ಬಲ ದೊರೆಯುತ್ತದೆ. ದೇಹದಿಂದ ಬೇರ್ಪಡಿಸಿದ ಸ್ನಾಯುವಿನಲ್ಲಿ ಇದು ಐಸೊಮೆಟ್ರಿಕ್ ಬಲದ ಸುಮಾರು ಒಂದೂವರೆ ಪಟ್ಟಿಗೂ ಏರಬಲ್ಲದು.

ನೋವಿನ ಮೂಲವೂ ಇಲ್ಲಿಯೇ ಇದೆ. ಪ್ರತಿಯೊಂದು ತಂತುವೂ ಹೆಚ್ಚು ಭಾರ ಹೊರಬಲ್ಲದ್ದರಿಂದ ಇಳಿಯುವ ಕೆಲಸಕ್ಕೆ ಕೆಲವೇ ತಂತುಗಳು ಸಾಕಾಗುತ್ತವೆ, ಆ ಕೆಲವದರ ಮೇಲೆಯೇ ಇಡೀ ಭಾರ ಬೀಳುತ್ತದೆ. ಅವುಗಳಲ್ಲಿ ದುರ್ಬಲವಾಗಿರುವ ಸಾರ್ಕೊಮಿಯರ್‌ಗಳು (ತಂತುವಿನೊಳಗೆ ಸಾಲಾಗಿರುವ ಸಂಕೋಚನದ ಪುಟ್ಟ ಘಟಕಗಳು) ಅತಿಯಾಗಿ ಹಿಗ್ಗಿ ಹಾಳಾಗುತ್ತವೆ; ಅದನ್ನು ಸರಿಪಡಿಸಲು ಬರುವ ಉರಿಯೂತಕ್ಕೆ ಗಂಟೆಗಳು ಹಿಡಿಯುವುದರಿಂದ ನೋವೂ ತಡವಾಗಿ ಬರುತ್ತದೆ.

ಉತ್ತರ 3: ಗರಡಿಯ ಹಳೆಯ ವಿದ್ಯಾರ್ಥಿ, ದಾವಣಗೆರೆ

ಬಸ್ಕಿಯಲ್ಲಿ ಕೆಳಗೆ ಕೂರುವಾಗ ಎಕ್ಸೆಂಟ್ರಿಕ್, ಏಳುವಾಗ ಕಾನ್ಸೆಂಟ್ರಿಕ್ ಎಂದು ಮೇಲಿನ ವಿವರಣೆಯಿಂದ ಸ್ಪಷ್ಟವಾಯಿತು. ಗರಡಿಗೆ ಬಂದ ಹೊಸ ಹುಡುಗನಿಗೆ ಉಸ್ತಾದರು ಮೊದಲ ದಿನ ಕೆಲವೇ ಬಸ್ಕಿ ಹೊಡೆಸಿ ನಿಲ್ಲಿಸುತ್ತಾರೆ. ನೋವು ಬಂದು ಹೋದ ಮೇಲೆಯೇ ಸಂಖ್ಯೆ ಏರಿಸುತ್ತಾರೆ. ತಾವು ಶಿಕ್ಷಕರಾದ್ದರಿಂದ ಒಂದು ಕೋರಿಕೆ: ತಡವಾಗಿ ಬಂದ ಮಕ್ಕಳಿಗೆ ನೂರಾರು ಬಸ್ಕಿಯ ಶಿಕ್ಷೆ ಕೊಡುವ ಪದ್ಧತಿ ಎಲ್ಲಿಯಾದರೂ ಉಳಿದಿದ್ದರೆ ಅದನ್ನು ನಿಲ್ಲಿಸಲು ಸಹಾಯ ಮಾಡಿ. ಅಭ್ಯಾಸವಿಲ್ಲದ ತೊಡೆಗೆ ಅದು ನಿಜವಾಗಿಯೂ ಅಪಾಯ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಹಾಗಿದ್ದರೆ ಬೆಟ್ಟಕ್ಕೆ ಹೋಗುವ ಮೊದಲೇ ಮಕ್ಕಳಿಗೆ ಇಳಿಯುವ ಅಭ್ಯಾಸವನ್ನು ಸ್ವಲ್ಪ ಮಾಡಿಸಿದರೆ ನೋವು ಕಡಿಮೆಯಾಗುತ್ತದೆಯೇ?

ಉತ್ತರ 4: ಫಿಸಿಯೋಥೆರಪಿಸ್ಟ್, ಧಾರವಾಡ

ಖಂಡಿತ ಆಗುತ್ತದೆ. ಒಂದು ಸಲ ಎಕ್ಸೆಂಟ್ರಿಕ್ ಕೆಲಸ ಮಾಡಿದ ಸ್ನಾಯು ಮುಂದಿನ ಸಲಕ್ಕೆ ಸಿದ್ಧವಾಗಿಬಿಡುತ್ತದೆ, ಆ ರಕ್ಷಣೆ ಹಲವು ವಾರ ಉಳಿಯುತ್ತದೆ. ಬೆಟ್ಟಕ್ಕೆ ಹೋಗುವ ಒಂದೆರಡು ವಾರ ಮೊದಲು ಶಾಲೆಯ ಮೆಟ್ಟಿಲುಗಳನ್ನೇ ನಿಧಾನವಾಗಿ ಇಳಿಸಿ, ಜೊತೆಗೆ ಕೆಳಗೆ ಕೂರುವುದಕ್ಕೆ ಮೂರು ಎಣಿಕೆ ತೆಗೆದುಕೊಳ್ಳುವ ಕೆಲವು ಬಸ್ಕಿಗಳನ್ನು ಮಾಡಿಸಿ. ಬರೀ ಹತ್ತಿಸುವುದರಿಂದ ಈ ರಕ್ಷಣೆ ಅಷ್ಟಾಗಿ ಸಿಗುವುದಿಲ್ಲ.

ಎಕ್ಸೆಂಟ್ರಿಕ್ ಕೆಲಸವನ್ನು ಮಕ್ಕಳು ಕೆಟ್ಟದ್ದೆಂದು ತಿಳಿಯಬಾರದು. ಸ್ವೀಡನ್ನಿನ ಆಲ್ಫ್ರೆಡ್‌ಸನ್ ಮತ್ತು ಸಂಗಡಿಗರು 1998ರಲ್ಲಿ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿನ ಹಳೆಯ ನೋವಿದ್ದ ಓಟಗಾರರಿಗೆ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮವನ್ನು 12 ವಾರ ಮಾಡಿಸಿ, ಅವರು ಮತ್ತೆ ಓಡುವಂತೆ ಮಾಡಿದರು. ನಮ್ಮ ಚಿಕಿತ್ಸಾಲಯದಲ್ಲಿ ಇಂದಿಗೂ ಅದನ್ನು ಕಲಿಸುತ್ತೇವೆ.

ನೋವು ಬಂದ ಮಕ್ಕಳನ್ನು ಮಲಗಿಸಬೇಡಿ, ಸಮತಟ್ಟಾದ ನೆಲದಲ್ಲಿ ಹಗುರವಾಗಿ ನಡೆಸಿ. ಕೆಲವು ದಿನಗಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಆದರೆ ತೊಡೆ ಊದಿಕೊಂಡು, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಸ್ನಾಯುವಿನ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ತೊಂದರೆ ಕೊಡುತ್ತಿದೆ ಎಂದು ಶಂಕಿಸಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಇದನ್ನು ಪೋಷಕರಿಗೂ ಮೊದಲೇ ತಿಳಿಸಿಡಿ.