ಸುರಂಗ ತುಂಬಿದ ಕೂಡಲೇ ಮಾಡೆಲ್ ಕುಣಿಯುತ್ತದೆ, ಏನು ಮಾಡಲಿ?

ಪ್ರಶ್ನೆ (ಎಂ.ಟೆಕ್ ವಿದ್ಯಾರ್ಥಿನಿ, ಪುಣೆ): ಎಲ್ಲರಿಗೂ ನಮಸ್ಕಾರ. ಊರು ಧಾರವಾಡ, ಓದು ಇಲ್ಲಿ. 2 ಕಿ.ಮೀ. ಉದ್ದ, 3 ಮೀಟರ್ ವ್ಯಾಸದ ಮಳೆನೀರಿನ ಸುರಂಗಕ್ಕೆ ಸೇಂಟ್ ವೆನಾಂಟ್ ಸಮೀಕರಣ (ಕಾಲುವೆಯಂತೆ ಮೇಲ್ಮೈ ತೆರೆದ ಹರಿವಿನ ಲೆಕ್ಕ) ಹಾಕಿ ಕೋಡ್ ಬರೆದಿದ್ದೇನೆ. ತುಂಬಿದ ಮೇಲಿನ ಒತ್ತಡಕ್ಕೆ ಪ್ರೈಸ್‌ಮನ್ ಸ್ಲಾಟ್ (ಛಾವಣಿಯ ಮೇಲೆ ಇದೆ ಅಂತ ಕಲ್ಪಿಸಿಕೊಳ್ಳುವ ಕಿರಿದಾದ ಸೀಳು; ಅದರಲ್ಲಿ ನೀರು ಏರಿದ ಎತ್ತರವೇ ಒತ್ತಡ) ಇದೆ. ಅರ್ಧ ತುಂಬುವವರೆಗೆ ಚೆನ್ನಾಗಿ ಓಡುತ್ತದೆ. ನೀರು ಛಾವಣಿ ಮುಟ್ಟಿದ್ದೇ ತಡ, ಗ್ರಾಫ್ ಗರಗಸದ ಹಲ್ಲಿನಂತೆ ಆಗುತ್ತದೆ. ಅನುಭವ ಇದ್ದವರು ಹೇಳಿ.

ಉತ್ತರ 1 (ಕೋಥ್ರೂಡ್): ನಿಮ್ಮ ಕೋಡ್ ಕೆಟ್ಟಿದೆ ಅಂತ ಈಗಲೇ ಅಂದುಕೊಳ್ಳಬೇಡಿ. ಇದು ಎಲ್ಲರಿಗೂ ಬರುವ ಕಾಟ. ಅರ್ಧ ತುಂಬಿದ ನಿಮ್ಮ ಸುರಂಗದಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 3.4 ಮೀಟರ್. ಪೂರ್ತಿ ತುಂಬಿದ ಮೇಲೆ ಅದೇ ಸುಮಾರು 1000 ಮೀಟರ್! ಪಕ್ಕಪಕ್ಕದ ಎರಡು ಸೆಲ್‌ಗಳ (ಲೆಕ್ಕಕ್ಕೆ ಸುರಂಗವನ್ನು ಭಾಗ ಮಾಡಿದ ತುಂಡುಗಳ) ನಡುವೆ ಇಷ್ಟು ದೊಡ್ಡ ಜಿಗಿತ ಬಂದರೆ ಲೆಕ್ಕ ಕುಣಿಯದೆ ಇನ್ನೇನು ಮಾಡೀತು? ಸ್ಲಾಟ್ ಅಗಲ ಅಂದರೆ ಗುರುತ್ವ ಗುಣಿಸು ಕೊಳವೆಯ ವಿಸ್ತೀರ್ಣ, ಭಾಗಿಸು ಅಲೆಯ ವೇಗದ ವರ್ಗ. 1000 ಹಾಕಿದರೆ 0.07 ಮಿ.ಮೀ. ಬರುತ್ತದೆ, ಕೂದಲಿನಷ್ಟು. ಹಾಗಾಗಿ ಮಾಡೆಲ್‌ನಲ್ಲಿ ವೇಗವನ್ನು ಬೇಕೆಂದೇ ಇಳಿಸಿ 100 ಹಾಕಿದರೆ 7 ಮಿ.ಮೀ. 10 ಮೀಟರ್ ಸೆಲ್ ಇದ್ದರೆ ಕೂರಂಟ್ ಮಿತಿಯ (ಒಂದು ಟೈಮ್ ಸ್ಟೆಪ್‌ನಲ್ಲಿ ಅಲೆ ಒಂದು ಸೆಲ್‌ಗಿಂತ ಹೆಚ್ಚು ದಾಟಬಾರದು) ಪ್ರಕಾರ ಟೈಮ್ ಸ್ಟೆಪ್ ಕೂಡ 0.01 ಸೆಕೆಂಡಿನಿಂದ 0.1ಕ್ಕೆ ಏರುತ್ತದೆ. ಛಾವಣಿಯ ಹತ್ತಿರ ಕೊಳವೆಯಿಂದ ಸ್ಲಾಟ್‌ಗೆ ಅಗಲವನ್ನು ಒಮ್ಮೆಲೇ ಕತ್ತರಿಸದೆ ನಿಧಾನಕ್ಕೆ ಕಿರಿದು ಮಾಡಿ. ಮೊದಲು ಇಷ್ಟು ಮಾಡಿ ನೋಡಿ.

ಉತ್ತರ 2 (ನಿವೃತ್ತ ಇಂಜಿನಿಯರ್, ಪಿಂಪ್ರಿ): ಮೇಲಿನವರ ಮಾತು ಸರಿ, ಆದರೆ ಅರ್ಧಕ್ಕೆ ಮಾತ್ರ. ವೇಗ 100ಕ್ಕೆ ಇಳಿಸುವುದು ನಿಧಾನಕ್ಕೆ ತುಂಬುವ ಸುರಂಗಕ್ಕೆ ನಡೆಯುತ್ತದೆ. ಕೊನೆಯಲ್ಲಿ ಗೇಟೋ ಪಂಪೋ ಇದೆಯಾ, ತಂಗಿ? ಹರಿವು ಸೆಕೆಂಡಿಗೆ 1 ಮೀಟರ್ ಇದ್ದದ್ದು ಥಟ್ಟನೆ ನಿಂತರೆ, ಜುಕೋವ್‌ಸ್ಕಿ ಸೂತ್ರದಂತೆ ಒತ್ತಡ ಸುಮಾರು 100 ಮೀಟರ್ ನೀರಿನಷ್ಟು ಏರುತ್ತದೆ. ವೇಗ ಇಳಿಸಿದ ಮಾಡೆಲ್ 10 ಮೀಟರ್ ಅಂತ ತೋರಿಸುತ್ತದೆ. ಗ್ರಾಫ್ ನುಣುಪು, ಉತ್ತರ ಅಪಾಯಕಾರಿ.

ಪ್ರಶ್ನೆ ಕೇಳಿದವರು: ಪಂಪ್ ಇದೆ ಸರ್. ಕರೆಂಟ್ ಹೋದರೆ ಏನಾಗುತ್ತದೆ ಅಂತ ಗೈಡ್ ಕೇಳಿದ್ದಾರೆ.

ಉತ್ತರ 2: ಹಾಗಾದರೆ ಎರಡು ಬೇರೆ ರನ್ ಮಾಡಿ. ತುಂಬುವುದಕ್ಕೆ ಒಂದು. ಪಂಪ್ ನಿಲ್ಲುವುದಕ್ಕೆ ಪೂರ್ತಿ ವೇಗ ಇಟ್ಟುಕೊಂಡು ಮೆಥಡ್ ಆಫ್ ಕ್ಯಾರೆಕ್ಟರಿಸ್ಟಿಕ್ಸ್‌ನಲ್ಲಿ (ಅಲೆಯ ಜಾಡು ಹಿಡಿದು ಲೆಕ್ಕ ಹಾಕುವ ವಿಧಾನ) ಇನ್ನೊಂದು. ಅಲೆ ಹೋಗಿ ಬರಲು 4 ಸೆಕೆಂಡ್ ಬೇಕು. ಅದಕ್ಕಿಂತ ಬೇಗ ಹರಿವು ನಿಂತರೆ ಪೂರ್ತಿ ಏಟು ಬೀಳುತ್ತದೆ.

ಉತ್ತರ 3 (ಮುಲುಂಡ್, ಮುಂಬೈ): ಗಾಳಿಯ ಮಾತನ್ನೇ ಯಾರೂ ಎತ್ತಿಲ್ಲವಲ್ಲ! ಎರಡೂ ಕಡೆಯಿಂದ ತುಂಬಿದರೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಶಾಫ್ಟ್‌ನಿಂದ (ಸುರಂಗದಿಂದ ನೆಲದ ಮೇಲಕ್ಕೆ ಬರುವ ಬಾವಿಯಂಥ ದಾರಿ) ನೀರು ಚಿಮ್ಮುವುದಕ್ಕೆ ಎಷ್ಟೋ ಸಲ ಅದೇ ಕಾರಣ. ಸಾದಾ ಸ್ಲಾಟ್ ಮಾಡೆಲ್‌ಗೆ ಗಾಳಿ ಅನ್ನುವುದೇ ಗೊತ್ತಿಲ್ಲ. 1916ರಲ್ಲಿ ಶುರುವಾಗಿ ಈಗ ಖಡಕ್‌ವಾಸ್ಲಾದಲ್ಲಿರುವ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ ನಿಮಗೆ ಹತ್ತಿರವೇ ಅಲ್ವಾ? ಗೈಡ್ ಮೂಲಕ ಅಲ್ಲಿನ ಮಾದರಿಗಳನ್ನು ನೋಡಲು ಆಗುತ್ತದಾ ಕೇಳಿ. ಆದರೆ ಗಾಳಿಯ ವಿಷಯದಲ್ಲಿ ಯಾವ ಸಣ್ಣ ಮಾದರಿಯನ್ನೂ ಸುಮ್ನೆ ನಂಬಬೇಡಿ. ಸುರಂಗವನ್ನು ಕುಗ್ಗಿಸಬಹುದು, ವಾತಾವರಣದ ಒತ್ತಡವನ್ನು ಕುಗ್ಗಿಸುವುದು ಸುಲಭವಲ್ಲ. ಅಂದಹಾಗೆ, ನಿಮ್ಮ ಡ್ರಾಯಿಂಗ್‌ನಲ್ಲಿ ಗಾಳಿ ಹೋಗುವ ಶಾಫ್ಟ್ ಎಲ್ಲೆಲ್ಲಿವೆ? ಅದನ್ನೂ ಇಲ್ಲಿ ಹಾಕಿ.